ನೂರು ವರ್ಷದ ವೃದ್ಧನೂ ನಮ್ಮ ನಗೆಯೂ

ಹಾಸ್ಯರಸವು ಹುಟ್ಟುವುದು ಗ್ರಂಥದಲ್ಲಿಯೋ, ಅದನ್ನು ಓದುವವನ ಹೃದಯದಲ್ಲಿಯೋ ಎಂಬ ಪ್ರಶ್ನೆಯು ನಮ್ಮ ಆಲಂಕಾರಿಕರಿಗೆ ಬಹು ಹಳೆಯದು. ಕವಿಯು ಮಾಡಿದ ಕಾರ್ಯವು ಸಹೃದಯನಲ್ಲಿ ಪೂರ್ಣವಾಗುವುದೆಂದು ಪಾಠಶಾಲೆಯಲ್ಲಿ ನಮ್ಮ ಗುರುಗಳು ಹೇಳುತ್ತಿದ್ದರು. ಈ ಮಾತನ್ನು ಕಣ್ಣಾರೆ ಪರೀಕ್ಷಿಸುವ ಅವಕಾಶವು ನನಗೆ ದೊರೆತುದು ಯಾವ ಸಂಸ್ಕೃತ ಪ್ರಹಸನದಿಂದಲೂ ಅಲ್ಲ. ಯೂರೋಪು ಖಂಡದ ಉತ್ತರಭಾಗದಲ್ಲಿರುವ ಸ್ವೀಡನ್ ದೇಶದ ಒಂದು ವಿಚಿತ್ರವಾದ ಕಾದಂಬರಿಯಿಂದ. ಬೀದರದಲ್ಲಿ ಒಂದು, ಭಾಲ್ಕಿಯಲ್ಲಿ ಒಂದು, ಔರಾದಿನಲ್ಲಿ ಒಂದು, ಹೀಗೆ ಮೂರು ಮನೆಗಳಿಗೆ ಅದರ ಒಂದೇ ಪ್ರತಿಯು ಸಂಚಾರ ಮಾಡಿತು. ಗ್ರಂಥವು ಒಂದೇ, ಆದರೆ ಒಂದು ಮನೆಯವರು ಬಿದ್ದು ಬಿದ್ದು ನಕ್ಕ ಪುಟಕ್ಕೆ ಇನ್ನೊಂದು ಮನೆಯವರು ಮುಖವನ್ನು ಗಂಟಿಕ್ಕಿದರು, ಮೂರನೆಯ ಮನೆಯವರು ಸುಮ್ಮನಾದರು. ಇದಕ್ಕೆ ಕಾರಣವೇನೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಗ್ರಂಥಕರ್ತರು ಯೋನಸ್ ಯೋನಸ್ಸನ್ ಎಂಬವರು. 1961ರಲ್ಲಿ ಜನಿಸಿ, ಬಹುಕಾಲ ಪತ್ರಿಕೋದ್ಯೋಗದಲ್ಲಿದ್ದು, ಬಳಿಕ ಕಾದಂಬರಿಗೆ ಕೈಯಿಟ್ಟವರು. ಅವರ ಈ ಮೊದಲನೆಯ ಕಾದಂಬರಿಯು ಸ್ವೀಡಿಷ್ ಭಾಷೆಯಲ್ಲಿ 2009ರಲ್ಲಿ ಪ್ರಕಟವಾಯಿತು. ರಾಡ್ ಬ್ರಾಡ್‌ಬರಿಯವರ ಇಂಗ್ಲಿಷ್ ಭಾಷಾಂತರವು 2012ರಲ್ಲಿ ಹೊರಬಂದಿತು. 2013ರಲ್ಲಿ ಅದೇ ಕಥೆಯು ಚಲಚ್ಚಿತ್ರವೂ ಆಯಿತು. ದೇಶದೇಶಗಳಲ್ಲಿ ಲಕ್ಷಾಂತರ ಪ್ರತಿಗಳು ಮಾರಾಟವಾದ ಈ ಗ್ರಂಥದ ಹೆಸರನ್ನು ಕನ್ನಡಿಸುವುದಾದರೆ, ‘ಕಿಟಕಿಯಿಂದಿಳಿದು ಕಣ್ಮರೆಯಾದ ನೂರು ವರ್ಷದವನು’ ಎನ್ನಬಹುದು. ನಮಗೆ ದೊರೆತುದು ಇಂಗ್ಲಿಷ್ ಪ್ರತಿ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನನ್ನ ತಮ್ಮನ ಮಗನು ದೀಪಾವಳಿಗೆ ಬಂದಾಗ ಅದನ್ನು ಮನೆಯಲ್ಲಿಯೇ ಬಿಟ್ಟುಹೋಗಿದ್ದನು.

ಕಥೆಯ ಸಾರವು ಹೀಗಿದೆ. ಆಲನ್ ಕಾರ್ಲ್ಸನ್ ಎಂಬ ವೃದ್ಧನು ಮಾಲ್ಮ್‌ಶೋಪಿಂಗ್ ಎಂಬ ಸಣ್ಣ ಊರಿನ ವೃದ್ಧಾಶ್ರಮದಲ್ಲಿ ಇರುತ್ತಾನೆ. 2005ನೆಯ ಇಸವಿ ಮೇ 2ರಂದು ಅವನಿಗೆ ನೂರು ವರ್ಷ ತುಂಬುತ್ತದೆ. ಉತ್ಸವಕ್ಕೆ ಊರಿನ ಗಣ್ಯರೂ ಪತ್ರಿಕೆಯವರೂ ಬರುವ ಹೊತ್ತಿಗೆ, ಅವನು ಮನೆಯೊಳಗೆ ಹಾಕಿಕೊಳ್ಳುವ ಮೆಟ್ಟುಗಳಲ್ಲಿಯೇ ಕಿಟಕಿಯಿಂದಿಳಿದು ಬಸ್ಸಿನ ನಿಲ್ದಾಣಕ್ಕೆ ನಡೆಯುತ್ತಾನೆ. ಅಲ್ಲಿ ಒಬ್ಬ ಪುಂಡ ಯುವಕನು ತನ್ನ ಪೆಟ್ಟಿಗೆಯನ್ನು ಸ್ವಲ್ಪ ನೋಡಿಕೊಳ್ಳೆಂದು ಹೇಳಿ ಶೌಚಕ್ಕೆ ಹೋಗುತ್ತಾನೆ. ಅಷ್ಟರಲ್ಲಿ ಬಸ್ಸು ಬರುತ್ತದೆ. ಮುದುಕನು ಪೆಟ್ಟಿಗೆಯ ಸಮೇತ ಬಸ್ಸನ್ನೇರುತ್ತಾನೆ. ಪೆಟ್ಟಿಗೆಯಲ್ಲಿದ್ದುದು ಕಳ್ಳವ್ಯವಹಾರದ ಐದು ಕೋಟಿ ಕ್ರೋನಾ ಹಣ. ಅಲ್ಲಿಂದಾಚೆಗೆ ಪುಂಡರು ಮುದುಕನನ್ನೂ, ಪೊಲೀಸರು ಇವರೆಲ್ಲರನ್ನೂ ಅಟ್ಟಿಸಿಕೊಂಡು ತಿರುಗುತ್ತಾರೆ. ಮುದುಕನ ಜೊತೆಗೆ ಒಬ್ಬ ಹಳೆಯ ಕಳ್ಳನೂ, ತಿಂಡಿಯ ಅಂಗಡಿಯವನೊಬ್ಬನೂ, ಒಬ್ಬ ಹೆಂಗಸೂ, ಅವಳು ಸಾಕಿದ ಸೋನ್ಯಾ ಎಂಬ ಆನೆಯೂ ಕೂಡಿಕೊಳ್ಳುತ್ತವೆ. ಪುಂಡರಲ್ಲಿ ಒಬ್ಬನು, ರಾತ್ರಿ ಶೀತಲಯಂತ್ರವನ್ನು ಆರಿಸಲು ಇವರು ಮರೆತುದರಿಂದ ತಂಪಿನ ಕೋಣೆಯಲ್ಲಿ ಹೆಪ್ಪುಗಟ್ಟಿ ಸಾಯುತ್ತಾನೆ. ಅವನ ಶವವು ಆಫ್ರಿಕಾಕ್ಕೆ ಹೊರಟ ಉಕ್ಕಿನ ಕೊಳವೆಯೊಳಗೆ ಸೇರುತ್ತದೆ. ಇನ್ನೊಬ್ಬನ ಮೇಲೆ ಆನೆಯು ಕುಳಿತುಬಿಡುತ್ತದೆ. ನಡುನಡುವೆ ಆಲನ್ನನ ಪೂರ್ವಚರಿತ್ರೆ ಬರುತ್ತದೆ. ಸಿಡಿಮದ್ದಿನಲ್ಲಿ ನಿಪುಣನಾದ ಇವನು ಫ್ರಾಂಕೋ, ಟ್ರೂಮನ್, ಸ್ಟಾಲಿನ್ ಮುಂತಾದವರ ಸಮ್ಮುಖದಲ್ಲಿಯೂ ಊಟದ ಯೋಚನೆಯನ್ನೇ ಮಾಡುತ್ತಿದ್ದವನು.

ಮೊದಲನೆಯ ವಾಚನವು ಬೀದರದಲ್ಲಿ, ನನ್ನ ಮನೆಯಲ್ಲಿಯೇ ನಡೆಯಿತು. ಕಾಲೇಜಿಗೆ ಹೋಗುವ ಮಕ್ಕಳು ಓದಿದರು. ಓದಲಾರದವರಿಗೆ ಅವರೇ ಹೇಳಿದರು. ಆನೆಯ ಪ್ರಸಂಗಕ್ಕೆ ಬಂದಾಗ ಒಬ್ಬ ಹುಡುಗನು, “ಅಜ್ಜಾ, ಆನಿ ಕುಂತೇ ಬಿಟ್ಟದ!” ಎಂದು ಕೂಗಿ ಚಾಪೆಯ ಮೇಲೆ ಹೊರಳಿದನು. ಭರತಮುನಿಯು ನಗೆಯನ್ನು ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತವೆಂದು ಆರು ಬಗೆಯಾಗಿ ವಿಂಗಡಿಸಿ, ಮೊದಲೆರಡನ್ನು ಉತ್ತಮರಿಗೂ, ನಡುವಿನೆರಡನ್ನು ಮಧ್ಯಮರಿಗೂ, ಕೊನೆಯೆರಡನ್ನು ಅಧಮರಿಗೂ ಹಂಚಿರುವನಷ್ಟೆ. ಹೊರಳಿ ನಕ್ಕ ಹುಡುಗನನ್ನು ಅಧಮನೆನ್ನಲು ನನಗೆ ಮನಸ್ಸಿಲ್ಲ. ಅವನ ವಯಸ್ಸಿಗೆ ಮರಣವೆಂಬುದು ಇನ್ನೂ ಪುಸ್ತಕದೊಳಗಿನ ಸಂಗತಿ.

ನಮ್ಮ ನೆರೆಯ ವಕೀಲರಾದರೋ ಎಂಬತ್ತನ್ನು ದಾಟಿದವರು. ನಿಜಾಮನ ಆಳ್ವಿಕೆಯಲ್ಲಿ ಉರ್ದುವಿನಲ್ಲಿ ಅಕ್ಷರಾಭ್ಯಾಸ ಮಾಡಿದವರು. ಇಬ್ನೆ ಸಫೀ ಎಂಬ ಉರ್ದು ಲೇಖಕರು 1952ರಲ್ಲಿ ‘ಜಾಸೂಸೀ ದುನಿಯಾ’ ಎಂಬ ಪತ್ತೇದಾರಿ ಕಾದಂಬರಿಗಳ ಮಾಲೆಯನ್ನೂ, 1955ರಲ್ಲಿ ಇಮ್ರಾನ್ ಎಂಬ ನಾಯಕನ ಮಾಲೆಯನ್ನೂ ಆರಂಭಿಸಿದರು. 1980ರಲ್ಲಿ ಕರಾಚಿಯಲ್ಲಿ ತೀರಿಕೊಂಡರು. ದಕ್ಷಿಣ ಕನ್ನಡನಾಡಿನ ತರುಣರು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದುತ್ತಿದ್ದಂತೆ ನಮ್ಮ ವಕೀಲರು ತಾರುಣ್ಯದಲ್ಲಿ ಇಮ್ರಾನನನ್ನು ಓದಿದವರು. ಅವರು ಸ್ವೀಡನ್ನಿನ ಗ್ರಂಥವನ್ನು ಮೂರು ದಿನಗಳಲ್ಲಿ ಮುಗಿಸಿ ಹಿಂದಿರುಗಿಸುವಾಗ ಹೀಗೆಂದರು: “ಮಾಸ್ತರ್ ಸಾಬ್, ಇಮ್ರಾನನೂ ಹುಚ್ಚನ ಹಂಗ ಆಡ್ತಾನ. ಆದರ ಕಥಿ ಮುಗಿಯೂದ್ರಾಗ ಗುನ್ಹೇಗಾರ ಕೈಗೆ ಸಿಕ್ಕಿರ್ತಾನ. ಇಲ್ಲಿ ಪೊಲೀಸನs ಗುನ್ಹೇಗಾರರ ಪಂಕ್ತಿಯೊಳಗ ಊಟಕ್ಕ ಕುಂತಾನ!” ಅವರು ನಗುತ್ತಲೇ ಹೇಳಿದರು, ಆದರೆ ಅದು ಉಪಹಸಿತ. ನ್ಯಾಯಾಸ್ಥಾನದಲ್ಲಿ ಆಯುಷ್ಯವನ್ನು ಕಳೆದವರಿಗೆ ದಂಡವಿಲ್ಲದ ಅಪರಾಧವು ಉಪ್ಪಿಲ್ಲದ ಸಾರಿನಂತೆ ತೋರಿದರೆ ಆಶ್ಚರ್ಯವಿಲ್ಲ.

ವಕೀಲರ ಆಕ್ಷೇಪಣೆಗೆ ನನ್ನಲ್ಲಿ ಉತ್ತರವು ಸಿದ್ಧವಾಗಿದ್ದಿತು. ಕಾಯದೆಯನ್ನು ಮೀರಿದ ಮಾತ್ರದಿಂದ ಒಂದು ಕೃತ್ಯವು ನಗೆಗೆ ಅನರ್ಹವಾಗುವುದಿಲ್ಲ. ಇದಕ್ಕೆ ನಿದರ್ಶನವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಭಾಲ್ಕಿಯ ಹಿರೇಮಠದ ಚೆನ್ನಬಸವ ಪಟ್ಟದ್ದೇವರು (1890–1999) ನಿಜಾಮನ ಕಾಲದಲ್ಲಿ ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಕನ್ನಡವನ್ನು ಕಲಿಸಿದ ವೃತ್ತಾಂತವನ್ನು ನಮ್ಮ ಜಿಲ್ಲೆಯಲ್ಲಿ ಅರಿಯದವರಾರು? ಅಧಿಕಾರಿಗಳ ದೃಷ್ಟಿಯಲ್ಲಿ ಅದು ಕಪಟ. ನಮ್ಮ ದೃಷ್ಟಿಯಲ್ಲಿ ಪುಣ್ಯ. ಅದನ್ನು ಹೇಳುವವರೂ ಕೇಳುವವರೂ ಇಂದಿಗೂ ಸಂತೋಷದಿಂದ ನಗುತ್ತಾರೆ. ವಕೀಲರೂ ಈ ಮಾತಿಗೆ ತಲೆದೂಗಿದರು. ಆದರೆ ಈ ನಗೆಯು ಇಷ್ಟು ನಿರ್ಮಲವಾಗಿರುವುದೇಕೆ? ಆ ಕಪಟದ ಅಪಾಯವನ್ನೆಲ್ಲ ಪಟ್ಟದ್ದೇವರು ತಾವೇ ಹೊತ್ತರು. ಬೇರೆ ಯಾರ ತಲೆಯ ಮೇಲೂ ಹೊರಿಸಲಿಲ್ಲ. ಈ ಕಾರಣವು ನನಗೆ ಸ್ಪಷ್ಟವಾಗಿ ತೋರಿದುದು ಅದೇ ಭಾಲ್ಕಿಯಲ್ಲಿ ನಡೆದ ಎರಡನೆಯ ವಾಚನದಲ್ಲಿ.

ಅಲ್ಲಿ ನನ್ನ ಸೋದರತ್ತೆಯ ಮಗಳಿರುವಳು. ಅವಳೂ ನನ್ನಂತೆ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಪುಸ್ತಕವನ್ನು ಕೊಟ್ಟ ಹದಿನೈದು ದಿನಗಳ ಬಳಿಕ ನಾನು ಹೋದಾಗ, ಅವಳು ಚಹವನ್ನು ಮುಂದಿಟ್ಟು, ನಗೆಯ ಸುಳಿವಿಲ್ಲದೆ ಕೇಳಿದಳು: “ಅಣ್ಣಾ, ಆ ಹುಡುಗರಿಬ್ಬರನ್ನೂ ಯಾವ ತಾಯಿನೂ ಹಡದಿಲ್ಲೇನು? ಒಬ್ಬ ಥಂಡಿಗೆ ಸತ್ತ, ಒಬ್ಬ ಆನಿ ಕೆಳಗ ಸತ್ತ. ಹೆಣ ಎಲ್ಲಿ ಹೋಯಿತು ಅಂತ ಬರದಾರ. ಮನಿಯಾಗ ಯಾರು ಅತ್ತರು ಅಂತ ಯಾಕ ಬರದಿಲ್ಲ?” ಮೂವತ್ತು ವರ್ಷಗಳ ಕಾಲ ಊರಿನ ಪುಂಡ ಹುಡುಗರಿಗೂ ಅಕ್ಷರವನ್ನು ಕಲಿಸಿದವಳ ಪ್ರಶ್ನೆ ಇದು. ತರಗತಿಯ ಹಿಂದಿನ ಸಾಲಿನಲ್ಲಿ ಕುಳಿತವರಲ್ಲಿ ಕೆಲವರು ಮುಂದೆ ಯಾವ ದಾರಿ ಹಿಡಿದರೆಂಬುದನ್ನು ಅವಳು ಬಲ್ಲಳು. ಅವರ ತಾಯಂದಿರನ್ನೂ ಬಲ್ಲಳು.

ಅವಳೊಡನೆ ಕುಳಿತು ಪುಸ್ತಕವನ್ನು ಮತ್ತೊಮ್ಮೆ ತಿರುವಿದೆನು. ಸತ್ತ ಪುಂಡರಿಗಾಗಿ ನಿಂತು ಕಣ್ಣೀರಿಡುವ ಅವಕಾಶವನ್ನು ಕಥೆಯು ಓದುಗನಿಗೆ ಕೊಡುವುದಿಲ್ಲ. ಆಲನ್ನನು ಲಾಸ್ ಅಲಾಮೋಸಿನಲ್ಲಿ ವಿಜ್ಞಾನಿಗಳಿಗೆ ಕಾಫಿಯನ್ನು ಕೊಡುತ್ತ ಅಣುಬಾಂಬಿನ ತೊಡಕನ್ನು ಬಿಡಿಸಿಕೊಡುವ ಪ್ರಸಂಗವೂ ಹಾಗೆಯೇ. ಓದುವಾಗ ಬಲು ಸ್ವಾರಸ್ಯ. ಆದರೆ 1945ರ ಆಗಸ್ಟ್ 6ರಂದು ಹಿರೋಶಿಮಾದ ಮೇಲೆ, 9ರಂದು ನಾಗಸಾಕಿಯ ಮೇಲೆ ಬಿದ್ದುದನ್ನು ಬಲ್ಲ ಓದುಗನ ನಗೆಯು ಅರ್ಧಕ್ಕೆ ನಿಲ್ಲುವುದು. ಹಾಸ್ಯಕ್ಕೆ ಕರುಣವೂ ಭಯಾನಕವೂ ವಿರೋಧಿರಸಗಳೆಂದು ಸಾಹಿತ್ಯದರ್ಪಣಕಾರನಾದ ವಿಶ್ವನಾಥನು ಹೇಳಿರುವುದು ಸುಮ್ಮನಲ್ಲ. ಗ್ರಂಥಕರ್ತರು ಆ ವಿರೋಧವನ್ನು ಪರಿಹರಿಸಿದ ಉಪಾಯವೆಂದರೆ ಅಳುವವರನ್ನು ರಂಗದ ಮೇಲೆ ಬರಗೊಡದಿರುವುದು.

ಅಚ್ಚರಿಯೇನೆಂದರೆ, ಅಳುವನ್ನು ಬಲ್ಲವರು ಅವರು. ಆಲನ್ನನಿಗೆ ಮೊಲೊಟೊವ್ ಎಂಬ ಒಂದು ಬೆಕ್ಕಿದ್ದಿತು. ಅದನ್ನು ನರಿಯು ಕೊಂದಿತು. ರಾಜ್ಯಗಳು ಉರುಳಿದಾಗಲೂ ಕಲಕದ ಮುದುಕನ ಮನಸ್ಸು ಆ ಒಂದು ಬೆಕ್ಕಿಗಾಗಿ ಕಲಕಿತು. ಅವನು ಸಿಡಿಮದ್ದನ್ನಿಟ್ಟು ನರಿಯ ಮೇಲೆ ಹಗೆ ತೀರಿಸಿಕೊಂಡನು. ಅದರೊಡನೆ ತನ್ನ ಮನೆಯೂ ಹಾರಿಹೋಯಿತು. ಆ ಕಾರಣದಿಂದಲೇ ವೃದ್ಧಾಶ್ರಮಕ್ಕೆ ಸೇರಬೇಕಾಯಿತು. ಕಿಟಕಿಯಿಂದ ಇಳಿದವನು ನಿಜವಾಗಿ ಒಂದು ದುಃಖದಿಂದ ಇಳಿದವನು. ಭಾಲ್ಕಿಯ ತಂಗಿಯು ಈ ಪುಟವನ್ನು ಮೆಚ್ಚಿದಳು. “ಬೆಕ್ಕಿಗೆ ಕೊಟ್ಟ ಕಣ್ಣೀರಿನಾಗ ಒಂದು ಹನಿ ಆ ಹುಡುಗರಿಗೂ ಕೊಡಬೇಕಿತ್ತು” ಎಂದಳು. ಇದಕ್ಕಿಂತ ನ್ಯಾಯವಾದ ವಿಮರ್ಶೆಯನ್ನು ನಾನು ಬೇರೆಲ್ಲಿಯೂ ಕೇಳಿಲ್ಲ.

ಅವಳ ಪ್ರಶ್ನೆಯು ನನ್ನನ್ನು ಶೂದ್ರಕನ ಮೃಚ್ಛಕಟಿಕಕ್ಕೆ ಕೊಂಡೊಯ್ದಿತು. ಆ ಪ್ರಕರಣದ ಮೂರನೆಯ ಅಂಕದಲ್ಲಿ ಶರ್ವಿಲಕನೆಂಬ ಬ್ರಾಹ್ಮಣಚೋರನು ಚಾರುದತ್ತನ ಮನೆಗೆ ಕನ್ನವಿಡುತ್ತಾನೆ. ಅಳತೆಯ ದಾರವನ್ನು ಮರೆತು ಬಂದುದರಿಂದ ಯಜ್ಞೋಪವೀತದಿಂದಲೇ ಗೋಡೆಯನ್ನು ಅಳೆಯುತ್ತಾನೆ. ಕನ್ನವು ಕಮಲದಂತಿರಲೋ, ಬಾಲಚಂದ್ರನಂತಿರಲೋ, ಪೂರ್ಣಕುಂಭದಂತಿರಲೋ ಎಂದು ಶಿಲ್ಪಿಯಂತೆ ಆಲೋಚಿಸುತ್ತಾನೆ. ಇಟ್ಟಿಗೆಯ ಗೋಡೆಗೆ ಪೂರ್ಣಕುಂಭವೇ ಶೋಭಿಸುವುದೆಂದು ನಿಶ್ಚಯಿಸುತ್ತಾನೆ. ಕಳ್ಳತನವು ಹಾಸ್ಯಕ್ಕೆ ವಸ್ತುವಾದುದು ನಿನ್ನೆ ಮೊನ್ನೆಯ ಸ್ವೀಡನ್ನಿನಲ್ಲಿ ಅಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಬೆಳಗಾದ ಬಳಿಕ ಚಾರುದತ್ತನು ಮೊದಲು ಕನ್ನದ ಅಂದವನ್ನೇ ಮೆಚ್ಚುತ್ತಾನೆ. ದರಿದ್ರನಾದ ತನ್ನ ಮನೆಯಿಂದ ಕಳ್ಳನು ಬರಿಗೈಯಲ್ಲಿ ಹೋದನೆಂದು ಮರುಗುತ್ತಾನೆ. ಒಡವೆ ಹೋಯಿತೆಂದು ತಿಳಿದಾಗ, ಅವನು ನಿರಾಶನಾಗಲಿಲ್ಲವೆಂದು ಹಿಗ್ಗುತ್ತಾನೆ. ಇಲ್ಲಿಯವರೆಗೆ ಎಲ್ಲವೂ ನಗೆ.

ಆದರೆ ಶೂದ್ರಕನು ಅಲ್ಲಿಗೆ ನಿಲ್ಲಿಸಲಿಲ್ಲ. ಹೋದ ಒಡವೆಯು ವಸಂತಸೇನೆಯು ನಂಬಿ ಇಟ್ಟುದು. ಅದಕ್ಕೆ ಪ್ರತಿಯಾಗಿ ಕೊಡಲು ಮನೆಯಲ್ಲಿ ಉಳಿದಿರುವುದು ಚಾರುದತ್ತನ ಪತ್ನಿಯಾದ ಧೂತೆಯ ರತ್ನಾವಳಿಯೊಂದೇ. ಗಂಡನು ಬೇಡುವ ಸಂಕೋಚಕ್ಕೆ ಒಳಗಾಗಬಾರದೆಂದು ಅವಳು ವ್ರತದ ದಾನವೆಂಬ ನೆವದಿಂದ ಅದನ್ನು ವಿದೂಷಕನ ಕೈಗೆ ಕೊಟ್ಟುಬಿಡುತ್ತಾಳೆ. ಶರ್ವಿಲಕನ ವಿನೋದಕ್ಕೆ ಬೆಲೆ ತೆತ್ತವಳು ಇವಳು. ಕವಿಯು ಅವಳನ್ನು ರಂಗಕ್ಕೆ ಕರೆತಂದು ನಮಗೆ ತೋರಿಸುತ್ತಾನೆ. ಮುಂದಿನ ಅಂಕದಲ್ಲಿ ಶರ್ವಿಲಕನು ಒಡವೆಯನ್ನು ತನ್ನ ಪ್ರಿಯೆಯಾದ ಮದನಿಕೆಗೆ ಹೆಮ್ಮೆಯಿಂದ ತೋರಿಸಿದಾಗ, ಅವಳು ಕೇಳುವುದೂ ಭಾಲ್ಕಿಯ ತಂಗಿಯು ಕೇಳಿದಂತಹ ಪ್ರಶ್ನೆಯನ್ನೇ: ಆ ಮನೆಯಲ್ಲಿ ಯಾರನ್ನಾದರೂ ಕೊಂದೆಯೋ, ಗಾಯಪಡಿಸಿದೆಯೋ ಎಂದು. ಹೆದರಿದವರ ಮೇಲೂ ಮಲಗಿದವರ ಮೇಲೂ ತಾನು ಕೈಯೆತ್ತುವವನಲ್ಲವೆಂದು ಅವನು ಉತ್ತರ ಕೊಟ್ಟ ಮೇಲೆಯೇ ನಮ್ಮ ಮನಸ್ಸೂ ಸಮಾಧಾನಗೊಂಡು ಮತ್ತೆ ನಗೆಗೆ ಸಿದ್ಧವಾಗುತ್ತದೆ. ನಮ್ಮ ಜಿಲ್ಲೆಯ ಕಲ್ಯಾಣದಲ್ಲಿ ಬಾಳಿದ ಬಸವಣ್ಣನವರ ಚರಿತೆಯಲ್ಲಿ, ಹಸುಗಳನ್ನು ಕದ್ದೊಯ್ದ ಕಳ್ಳರಿಗೆ ಕರುಗಳನ್ನೂ ಕಳುಹಿಸಿಕೊಟ್ಟ ಪ್ರಸಂಗವುಂಟು. ಕೇಳಿದೊಡನೆ ನಗೆ ಬರುತ್ತದೆ. ಆದರೆ ತಾಯನ್ನಗಲಿದ ಕರುಗಳು ಹಸಿದಾವೆಂಬ ಮರುಕವು ಆ ನಗೆಯೊಳಗೇ ಇರುತ್ತದೆ. ಲೋಕದಲ್ಲಿ ಯಾವ ಅಪರಾಧಕ್ಕೂ ಯಾವನೋ ಒಬ್ಬನು ಬೆಲೆ ತೆರುತ್ತಾನೆ. ಹಾಸ್ಯಗಾರನು ಅವನನ್ನು ನೋಡಿಯೂ ನಗಿಸಬಲ್ಲವನಾದರೆ ಆ ನಗೆಯು ಬಾಳುತ್ತದೆ. ಅವನನ್ನು ಬಾಗಿಲಾಚೆಗೆ ನಿಲ್ಲಿಸಿ ನಗಿಸಿದರೆ, ಓದುಗರಲ್ಲಿ ಒಬ್ಬರು ಎಂದಾದರೊಂದು ದಿನ ಆ ಬಾಗಿಲನ್ನು ತೆರೆದೇ ತೆರೆಯುತ್ತಾರೆ.

ಇಷ್ಟನ್ನು ಹೇಳಿ ಗ್ರಂಥವನ್ನು ಕೆಳಗಿಟ್ಟಿದ್ದರೆ ಗ್ರಂಥಕರ್ತರಿಗೆ ಅನ್ಯಾಯವಾಗುತ್ತಿದ್ದಿತು. ಏಕೆಂದರೆ ಔರಾದಿನ ವಾಚನವು ಇನ್ನೂ ಉಳಿದಿದ್ದಿತು. ಅಲ್ಲಿ ಕೇಳಿದವರು ಪುಂಡರ ವಿಷಯವನ್ನೇ ಎತ್ತಲಿಲ್ಲ.

ಔರಾದಿನಲ್ಲಿ ಅಮರೇಶ್ವರನ ಗುಡಿಗೆ ಸಮೀಪದಲ್ಲಿ ನನ್ನ ಹಳೆಯ ಶಿಷ್ಯನೊಬ್ಬನ ಮನೆಯಿದೆ. ಅವನ ತಂದೆಯವರು ತೊಂಬತ್ತು ದಾಟಿದ ರೈತರು. ದೃಷ್ಟಿ ಮಂದವಾಗಿದೆ, ಕಿವಿ ಚುರುಕಾಗಿದೆ. ಮೂರು ಸಂಜೆ ನಾನು ಕಥೆಯನ್ನು ಕನ್ನಡದಲ್ಲಿ ಹೇಳಿದೆನು. ಮಹಾರಾಷ್ಟ್ರದ ಕಡೆಯಿಂದ ಬಂದ ಅವರ ಸೊಸೆಗೆ ತಿಳಿಯದ ಮಾತನ್ನು ಮೊಮ್ಮಗನು ಮರಾಠಿಯಲ್ಲಿ ಹೇಳುತ್ತಿದ್ದನು. ಅಜ್ಜನವರು ಕಳ್ಳರ ಹೊಡೆದಾಟವನ್ನು ಅಷ್ಟಾಗಿ ಗಮನಿಸಲಿಲ್ಲ. ಮತ್ತೆ ಮತ್ತೆ ಕಿಟಕಿಗೇ ಬರುತ್ತಿದ್ದರು. “ಕಾಲಾಗ ಏನು ಹಾಕ್ಕೊಂಡಿದ್ದ?” “ಕೆಳಗ ಮಣ್ಣಿತ್ತೋ ಕಲ್ಲಿತ್ತೋ?” “ಮಣಕಾಲು ನೋಯಲಿಲ್ಲೇನು?” ಹುಟ್ಟುಹಬ್ಬದ ಉತ್ಸವಕ್ಕೆ ಹೆದರಿ ಓಡಿದನೆಂದಾಗ ಅವರು ತುಟಿಯಂಚಿನಲ್ಲಿ ನಕ್ಕು, “ನನ್ನ ಹುಟ್ಟಿದ ದಿನ ನನಗs ಗೊತ್ತಿಲ್ಲ, ಮಾಸ್ತರ. ಯಾವತ್ತು ಓಡಿಹೋಗಬೇಕಂತ ತಿಳಿವಲ್ದು” ಎಂದರು. ಮನೆಯವರೆಲ್ಲ ನಕ್ಕರು. ನಾನೂ ನಕ್ಕೆನು. ಆ ಪೀಳಿಗೆಯ ಶಾಲಾದಾಖಲೆಗಳಲ್ಲಿ ಊರಿನ ಅರ್ಧ ಮಕ್ಕಳು ಜೂನ್ 1ರಂದೇ ಹುಟ್ಟಿದವರೆಂಬುದನ್ನು ಮಾಸ್ತರನಾದವನು ಅರಿಯನೇ?

ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ಮತ್ತೊಂದು ಮಾತನ್ನಾಡಿದರು: “ಆ ದೇಶದ ಕಿಟಕಿಗೆ ಸರಳು ಇರಂಗಿಲ್ಲ ಕಾಣ್ತದ. ನಮ್ಮ ಕಿಟಕಿಗೆ ಸರಳು ಅವ.” ಈ ಸಲವೂ ಅವರು ನಕ್ಕರು, ಆದರೆ ಬೇರೆ ಯಾರೂ ನಗಲಿಲ್ಲ. ಸೊಸೆಯು ಮೊಮ್ಮಗನ ಕಡೆಗೆ ನೋಡಿದಳು. ಮೊಮ್ಮಗನು ಆ ಮಾತನ್ನು ಮರಾಠಿಗೆ ತಿರುಗಿಸಲಿಲ್ಲ. ತಿರುಗಿಸುವ ಅಗತ್ಯವೂ ಇರಲಿಲ್ಲ. ಆ ಮನೆಯಲ್ಲಿ ಅಜ್ಜನವರಿಗೆ ಯಾವ ಕೊರತೆಯೂ ಇರಲಿಲ್ಲವೆಂಬುದನ್ನು ಹೇಳಲೇಬೇಕು. ಹೊತ್ತಿಗೆ ಊಟವಿತ್ತು, ಔಷಧವಿತ್ತು, ಗಾಳಿ ತಾಕದಂತೆ ಒಳಕೋಣೆಯಲ್ಲಿ ಹೊರಸು ಇತ್ತು. ಆಲನ್ನನಿಗೂ ವೃದ್ಧಾಶ್ರಮದಲ್ಲಿ ಊಟವೂ ಹಾಸಿಗೆಯೂ ಇದ್ದೇ ಇದ್ದುವು. ಮುಂದಿನ ವಾರ ನಾನು ಪುಸ್ತಕವನ್ನು ತರಲು ಹೋದಾಗ ಹೊರಸು ಒಳಕೋಣೆಯಲ್ಲಿರಲಿಲ್ಲ. ಅದನ್ನು ಪಡಸಾಲೆಗೆ ತಂದು ಹಾಕಿದ್ದರು. ಅಲ್ಲಿಗೆ ಬೀದಿಯ ಮಾತುಕತೆಯೆಲ್ಲ ಕೇಳುತ್ತದೆ. ಅಜ್ಜನವರು ದಾರಿಯಲ್ಲಿ ಹೋಗುವವರನ್ನು ದನಿಯಿಂದಲೇ ಗುರುತಿಸಿ ಕೂಗಿ ಮಾತನಾಡಿಸುತ್ತಿದ್ದರು. ಇದನ್ನು ಕುರಿತು ಆ ಮನೆಯವರು ಏನನ್ನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಪರಿಣಾಮದಿಂದ ಅಳೆಯುವುದಾದರೆ ಆ ಗ್ರಂಥಕ್ಕೆ ಇದೊಂದು ಸಣ್ಣ ಕೀರ್ತಿಯಲ್ಲ. ದೂರದ ಸ್ವೀಡನ್ನಿನ ಒಬ್ಬ ಲೇಖಕರು ಕಲ್ಪಿಸಿದ ಮುದುಕನು ಕಿಟಕಿಯಿಂದಿಳಿದುದರಿಂದ ಔರಾದಿನ ಒಬ್ಬ ಮುದುಕರ ಹೊರಸು ಹತ್ತು ಹೆಜ್ಜೆ ಬೆಳಕಿನ ಕಡೆಗೆ ಸರಿಯಿತು. ಉಪದೇಶಗ್ರಂಥವೊಂದು ಇದನ್ನೇ ಹೇಳಿದ್ದರೆ ಮನೆಯವರಿಗೆ ಸಿಟ್ಟು ಬರುತ್ತಿದ್ದಿತೋ ಏನೋ. ನಗೆಯು ಹೇಳಿದುದರಿಂದ ಸಿಟ್ಟಿಗೆ ಅವಕಾಶವಿರಲಿಲ್ಲ. ವೃದ್ಧನ ವಿಷಯದಲ್ಲಿ ಗ್ರಂಥಕರ್ತರು ಬೆಲೆ ತೆತ್ತವನನ್ನು ನಮಗೆ ತೋರಿಸಿಯೇ ನಗಿಸಿದ್ದಾರೆ: ಬೆಕ್ಕನ್ನು ಕಳೆದುಕೊಂಡವನು, ಮನೆಯನ್ನು ಕಳೆದುಕೊಂಡವನು, ಉಳಿದ ದಿನಗಳನ್ನಾದರೂ ತನ್ನ ಇಚ್ಛೆಯಂತೆ ಕಳೆಯಬೇಕೆಂದವನು. ಆದಕಾರಣ ಆ ನಗೆಯು ಔರಾದಿನವರೆಗೂ ಬಂದು ಮುಟ್ಟಿತು. ಪುಂಡ ಹುಡುಗರ ವಿಷಯದಲ್ಲಿ ಹಾಗೆ ತೋರಿಸಲಿಲ್ಲ. ಆದಕಾರಣ ಆ ನಗೆಯು ಭಾಲ್ಕಿಯ ಹೊಸ್ತಿಲಲ್ಲಿ ನಿಂತಿತು. ಎರಡಕ್ಕೂ ನಿಯಮವು ಒಂದೇ.

ವಿದೇಶದ ಗ್ರಂಥವೆಂದರೆ ಏಕಾಂತದಲ್ಲಿ ಓದಿ ಕಪಾಟಿನಲ್ಲಿ ಇಡತಕ್ಕುದೆಂಬ ಭಾವನೆಯು ನಮ್ಮಲ್ಲಿ ಬೆಳೆಯುತ್ತಿದೆ. ವಾಚಕರು ಅಂತಹ ಒಂದನ್ನಾದರೂ ಮನೆಯ ಎಲ್ಲ ವಯಸ್ಸಿನವರ ನಡುವೆ ಕುಳಿತು, ತಮ್ಮ ಮಾತಿನಲ್ಲಿ ಹೇಳಿ ನೋಡಲೆಂದು ನನ್ನ ವಿಜ್ಞಾಪನೆ. ಯಾರು ಎಲ್ಲಿ ನಕ್ಕರೆಂಬುದನ್ನು ಗಮನಿಸಬೇಕು. ಯಾರು ಎಲ್ಲಿ ನಗಲಿಲ್ಲವೆಂಬುದನ್ನು ಇನ್ನೂ ಹೆಚ್ಚಾಗಿ ಗಮನಿಸಬೇಕು. ಪ್ರತಿಯು ಈಗ ಮತ್ತೆ ಬೀದರದಲ್ಲಿದೆ. ಅದರ ಹೊದಿಕೆ ಹರಿದಿದೆ. ಆನೆಯ ಪುಟದಲ್ಲಿ ಭಾಲ್ಕಿಯ ತಂಗಿಯು ಸೀಸದ ಕಡ್ಡಿಯಿಂದ ಹಾಕಿದ ಒಂದು ಪ್ರಶ್ನಾರ್ಥಕ ಚಿಹ್ನೆಯಿದೆ. ಮುಂದಿನ ಓದುಗರಿಗಾಗಿ ಅದನ್ನು ಹಾಗೆಯೇ ಇಟ್ಟಿದ್ದೇನೆ.